ಸರ್ಕಾರ ಕೊಟ್ಟ ಮಾತು, ಕಂಪನಿ ಇಟ್ಟ ನಂಬಿಕೆ: ಹೂಡಿಕೆ ವ್ಯಾಜ್ಯಗಳಲ್ಲಿ "ನ್ಯಾಯಯುತ ನಿರೀಕ್ಷೆ" ಅಂದ್ರೇನು

ಚಿಲಿ ದೇಶದ ರಾಜಧಾನಿ ಸಾಂಟಿಯಾಗೋ ಪಕ್ಕ ಪಿರ್ಕೆ ಅಂತ ಒಂದು ಊರಿದೆ. 1997ರಲ್ಲಿ ಮಲೇಷ್ಯಾದ ಎಂಟಿಡಿ ಅನ್ನೋ ಕಂಪನಿ ಅಲ್ಲಿ ಸುಮಾರು 600 ಹೆಕ್ಟೇರ್ ಜಮೀನಲ್ಲಿ ಮನೆ, ಅಪಾರ್ಟ್‌ಮೆಂಟು, ಸ್ಕೂಲು, ಆಸ್ಪತ್ರೆ, ಅಂಗಡಿ ಎಲ್ಲಾ ಇರೋ ಒಂದು ಪೂರ್ತಿ ಟೌನ್‌ಶಿಪ್ ಕಟ್ತೀವಿ ಅಂತ ಹೊರಟಿತು. ಚಿಲಿ ಸರ್ಕಾರದ ವಿದೇಶಿ ಹೂಡಿಕೆ ಸಮಿತಿಗೆ ಅರ್ಜಿ ಹಾಕ್ತು, ಯಾವ ಜಾಗ, ಅಲ್ಲಿ ಏನು ಕಟ್ತೀವಿ ಅನ್ನೋದೆಲ್ಲಾ ಅರ್ಜಿಯಲ್ಲೇ ಇತ್ತು, ಸಮಿತಿ ಒಪ್ಪಿಕೊಂಡು ಕರಾರಿಗೆ ಸಹಿನೂ ಹಾಕ್ತು. ಕಂಪನಿ ದುಡ್ಡು ತಂದು ಸುರಿದಿದ್ದಾಯ್ತು. ಆಮೇಲೆ ಅದೇ ಸರ್ಕಾರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ಬಂದು, ಈ ಜಮೀನು ಮಾಸ್ಟರ್ ಪ್ಲಾನ್ ಪ್ರಕಾರ ಕೃಷಿ ಜಮೀನು, ಇಲ್ಲಿ ಟೌನ್‌ಶಿಪ್ ಕಟ್ಟೋ ಹಾಗಿಲ್ಲ, ಝೋನಿಂಗ್ ಬದಲಾಯಿಸೋದು ನಮ್ಮ ನಗರ ನೀತಿಗೇ ವಿರುದ್ಧ ಅಂದುಬಿಟ್ಟಿತು. ಒಂದು ಕೈ ಸಹಿ ಹಾಕ್ತು, ಇನ್ನೊಂದು ಕೈ ಬಾಗಿಲು ಹಾಕ್ತು.

ಇಲ್ಲಿ ತಪ್ಪು ಯಾರದ್ದು? ಕಾನೂನು ಏನೂ ಬದಲಾಗಿರಲಿಲ್ಲ, ಜಮೀನು ಮೊದಲಿಂದಲೂ ಕೃಷಿ ಜಮೀನೇ, ಅದು ಸರ್ಕಾರಿ ದಾಖಲೆಯಲ್ಲೇ ಇತ್ತು, ಕಂಪನಿ ಒಬ್ಬ ಲೋಕಲ್ ಲಾಯರ್ ಹತ್ರ ಸರಿಯಾಗಿ ಕೇಳಿದ್ರೂ ಗೊತ್ತಾಗೋದು. ಆದರೆ ಸರ್ಕಾರವೇ ಕೂತು ಜಾಗದ ಹೆಸರು ಸಮೇತ ಪ್ರಾಜೆಕ್ಟ್ ಒಪ್ಪಿದ ಮೇಲೆ, ಹೊರಗಿನವನು ಅದನ್ನ ನಂಬದೆ ಇನ್ನೇನು ನಂಬಬೇಕು? ಕೇಸು ಅಂತಾರಾಷ್ಟ್ರೀಯ ಟ್ರಿಬ್ಯುನಲ್‌ಗೆ ಹೋಯ್ತು, 2004ರಲ್ಲಿ ತೀರ್ಪು ಬಂತು. ಇಂಥ ಜಾಗದಲ್ಲಿ ಇಂಥ ಪ್ರಾಜೆಕ್ಟ್ ಅಂತ ಸರ್ಕಾರ ಮಂಜೂರು ಮಾಡಿದ್ರೆ ಅದು ಅಲ್ಲಿ ಆಗೋ ಕೆಲಸ ಅಂತ ಹೂಡಿಕೆದಾರ ನಂಬೋದು ಸಹಜ, ಸರ್ಕಾರ ಅನ್ನೋದು ಒಂದೇ, ಒಂದು ಇಲಾಖೆ ಒಂದು ಹೇಳಿ ಇನ್ನೊಂದು ಇಲಾಖೆ ಉಲ್ಟಾ ಹೊಡಿಯೋದಕ್ಕೆ ಆಗಲ್ಲ ಅಂತ ಟ್ರಿಬ್ಯುನಲ್ ಹೇಳ್ತು. ಹಂಗಂತ ಕಂಪನಿಗೆ ಪೂರ್ತಿ ದುಡ್ಡು ಕೊಡಿಸಲಿಲ್ಲ. ನೀವೂ ವಿಚಾರಿಸಬೇಕಿತ್ತು, ಇಂಥ ಒಪ್ಪಂದಗಳು ವ್ಯಾಪಾರದ ರಿಸ್ಕಿಗೆ ಇನ್ಶೂರೆನ್ಸ್ ಅಲ್ಲ ಅಂತ ಹೇಳಿ ಪರಿಹಾರದಲ್ಲಿ ಅರ್ಧಕ್ಕೆ ಅರ್ಧ ಕತ್ತರಿ ಹಾಕಿತು, ಕೊನೆಗೆ ಸಿಕ್ಕಿದ್ದು ಸುಮಾರು 58 ಲಕ್ಷ ಡಾಲರ್.

ಈ ಕೇಸಲ್ಲಿ ನಡೆದದ್ದೇ ಲೆಜಿಟಿಮೇಟ್ ಎಕ್ಸ್‌ಪೆಕ್ಟೇಷನ್ ವಾದ, ಕನ್ನಡದಲ್ಲಿ ನ್ಯಾಯಯುತ ನಿರೀಕ್ಷೆ ಅನ್ನೋಣ. ಸರ್ಕಾರ ತನ್ನ ಮಾತಿಂದಲೋ ನಡತೆಯಿಂದಲೋ ಹೂಡಿಕೆದಾರನಲ್ಲಿ ಒಂದು ನಂಬಿಕೆ ಹುಟ್ಟಿಸಿ, ಅವನು ಆ ನಂಬಿಕೆ ಮೇಲೆ ದುಡ್ಡು ಹಾಕಿದ ಮೇಲೆ ಮಾತಿಗೆ ತಪ್ಪಿದ್ರೆ ನಷ್ಟ ಕಟ್ಟಿಕೊಡಬೇಕು ಅನ್ನೋ ತತ್ವ. ಕೇಳೋಕೆ ಸುಲಭ. ಕಷ್ಟ ಇರೋದು ಯಾವ ಮಾತು ಮಾತು, ಯಾವ ನಂಬಿಕೆ ನ್ಯಾಯವಾದ ನಂಬಿಕೆ ಅಂತ ತೀರ್ಮಾನ ಮಾಡೋದ್ರಲ್ಲಿ. ಇಪ್ಪತ್ತು ವರ್ಷದಿಂದ ಟ್ರಿಬ್ಯುನಲ್‌ಗಳು ಇದರ ಸುತ್ತಲೇ ಗುದ್ದಾಡ್ತಿವೆ, ಪ್ರತಿ ಸಲ ಸೋತಾಗ ದುಡ್ಡು ಕಟ್ಟೋದು ಆ ದೇಶದ ಜನರ ತೆರಿಗೆಯಿಂದ, ಅದಕ್ಕೇ ಇದು ಬರೀ ಲಾಯರ್‌ಗಳ ವಿಷಯ ಅಂತ ನಾವು ಬಿಟ್ಟುಬಿಡಬಾರದು ಅನ್ನೋದು ನನ್ನ ಅಭಿಪ್ರಾಯ.

ಮೊದಲು ಈ ಟ್ರಿಬ್ಯುನಲ್ ವ್ಯವಸ್ಥೆ ಹೇಗೆ ಅಂತ ಚುಟುಕಾಗಿ ಹೇಳಿಬಿಡ್ತೀನಿ. ಎರಡು ದೇಶಗಳು ಕೂತು ದ್ವಿಪಕ್ಷೀಯ ಹೂಡಿಕೆ ಒಪ್ಪಂದ ಮಾಡ್ಕೊಳ್ತಾವೆ, ನಿಮ್ಮ ಕಂಪನಿ ನಮ್ಮಲ್ಲಿ ದುಡ್ಡು ಹಾಕಿದ್ರೆ ಹೀಗೆ ನೋಡ್ಕೊಳ್ತೀವಿ, ನಮ್ಮ ಕಂಪನಿನ ನೀವೂ ಹಾಗೇ ನೋಡ್ಕೊಳ್ಳಿ ಅಂತ. ಗಲಾಟೆ ಆದ್ರೆ ಕಂಪನಿ ನೇರವಾಗಿ ಆ ದೇಶದ ಸರ್ಕಾರದ ಮೇಲೆ ಅಂತಾರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಬಹುದು. ಸಾಮಾನ್ಯವಾಗಿ ಮೂರು ಜನ ಆರ್ಬಿಟ್ರೇಟರ್‌ಗಳು, ಒಬ್ಬರನ್ನ ಕಂಪನಿ ಆರಿಸುತ್ತೆ, ಒಬ್ಬರನ್ನ ಸರ್ಕಾರ ಆರಿಸುತ್ತೆ, ಮೂರನೇಯವರು ಅಧ್ಯಕ್ಷರು. ಇವರ ತೀರ್ಪಿಗೆ ಅಪೀಲು ಅಂತ ಇಲ್ಲ, ಕೆಲವೇ ಕೆಲವು ಕಾರಣಕ್ಕೆ ರದ್ದು ಮಾಡಿಸಬಹುದು ಅಷ್ಟೇ. ಒಂದು ಟ್ರಿಬ್ಯುನಲ್ ಹೇಳಿದ್ದನ್ನ ಇನ್ನೊಂದು ಪಾಲಿಸಲೇಬೇಕು ಅನ್ನೋ ರೂಲೂ ಇಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಸ್ಪೇನ್ ಕಥೆ ಬಂದಾಗ ಬೇಕಾಗುತ್ತೆ.

ಈಗ ಮುಖ್ಯ ವಿಷಯ. ಹಳೇ ಒಪ್ಪಂದಗಳಲ್ಲಿ ಹುಡುಕಿದ್ರೆ "ನ್ಯಾಯಯುತ ನಿರೀಕ್ಷೆ" ಅನ್ನೋ ಮಾತು ಸಾಮಾನ್ಯವಾಗಿ ಸಿಗೋದೇ ಇಲ್ಲ. ಇರೋದು ಒಂದೇ ಸಾಲು, ಹೂಡಿಕೆದಾರರನ್ನ ನ್ಯಾಯವಾಗಿ ಮತ್ತು ಸಮಾನವಾಗಿ ನಡೆಸಿಕೊಳ್ಳಬೇಕು, ಅಂದ್ರೆ ಫೇರ್ ಅಂಡ್ ಈಕ್ವಿಟಬಲ್ ಟ್ರೀಟ್‌ಮೆಂಟ್, ಈ ಫೀಲ್ಡ್‌ನವರು ಎಫ್‌ಇಟಿ ಅಂತಾರೆ. ನ್ಯಾಯ ಅಂದ್ರೆ ಏನು ಅಂತ ಒಪ್ಪಂದ ಬಿಡಿಸಿ ಹೇಳಲ್ಲ. ಆ ಖಾಲಿ ಜಾಗ ತುಂಬಿದ್ದು ಆರ್ಬಿಟ್ರೇಟರ್‌ಗಳು, ತುಂಬೋಕೆ ಬಳಸಿದ್ದು ಬೇರೆ ಬೇರೆ ದೇಶಗಳ ಆಡಳಿತ ಕಾನೂನಲ್ಲಿ ಆಗಲೇ ಇದ್ದ ಒಂದು ಐಡಿಯಾನ. ಇಂಗ್ಲೆಂಡಲ್ಲಿ 1969ರ ಶ್ಮಿಟ್ ಕೇಸಲ್ಲಿ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಇದನ್ನ ಹೇಳಿದ್ರು, ಒಬ್ಬ ವಿದೇಶಿಗೆ ಇಷ್ಟು ದಿನ ಇರಬಹುದು ಅಂತ ಪರ್ಮಿಟ್ ಕೊಟ್ಟು ಅವಧಿ ಮುಗಿಯೋ ಮುಂಚೆನೇ ಅದನ್ನ ಕಿತ್ಕೊಂಡ್ರೆ ಅವನ ಮಾತು ಕೇಳಲೇಬೇಕು ಅಂತ. ನಮ್ಮ ಸುಪ್ರೀಂ ಕೋರ್ಟು 1990ರ ದಶಕದಲ್ಲಿ ಹೌಸಿಂಗ್ ಸೊಸೈಟಿ ಕೇಸು, ಆಹಾರ ನಿಗಮದ ಟೆಂಡರ್ ಕೇಸು ಇಂಥದ್ರಲ್ಲಿ ಇದನ್ನ ಬಳಸಿದೆ. ಆದರೆ ದೇಶದೊಳಗಿನ ಕೋರ್ಟಲ್ಲಿ ಹೆಚ್ಚಿನ ಸಲ ಸಿಗೋದು ಏನಪ್ಪಾ ಅಂದ್ರೆ ನಮ್ಮ ಮಾತು ಕೇಳಿ ಆಮೇಲೆ ತೀರ್ಮಾನ ಮಾಡಿ ಅನ್ನೋ ಹಕ್ಕು, ಅಥವಾ ಆದೇಶ ರದ್ದು. ಹೂಡಿಕೆ ಟ್ರಿಬ್ಯುನಲ್‌ನಲ್ಲಿ ಸಿಗೋದು ಮಿಲಿಯನ್‌ಗಟ್ಟಲೆ ಡಾಲರ್ ಪರಿಹಾರ. ಅದೇ ಐಡಿಯಾ, ಆದರೆ ಸರ್ಕಾರದ ಬೊಕ್ಕಸದ ಮೇಲೆ ಬೀಳೋ ಹೊರೆ ಬೇರೆನೇ ಲೆಕ್ಕ.

ಇದಕ್ಕೆ ಜೋರು ಬಂದಿದ್ದು 2003ರ ಟೆಕ್ಮೆಡ್ ಕೇಸಿಂದ. ಮೆಕ್ಸಿಕೋದ ಹೆರ್ಮೊಸಿಯೋ ನಗರದ ಹತ್ರ ಅಪಾಯಕಾರಿ ಕಸ ಹೂಳೋ ಒಂದು ಲ್ಯಾಂಡ್‌ಫಿಲ್, ಅದನ್ನ ಸ್ಪೇನಿನ ಟೆಕ್ಮೆಡ್ ಕಂಪನಿ ಹರಾಜಲ್ಲಿ ತಗೊಂಡು ನಡೆಸ್ತಿತ್ತು, ಲೈಸೆನ್ಸನ್ನ ಆಗಾಗ ರಿನ್ಯೂ ಮಾಡಿಸಬೇಕಿತ್ತು. ಊರವರ ವಿರೋಧ ಜೋರಾಯ್ತು, 1998ರಲ್ಲಿ ಸರ್ಕಾರ ರಿನ್ಯೂ ಮಾಡಲ್ಲ ಅಂತು. ಟ್ರಿಬ್ಯುನಲ್ ಕಂಪನಿ ಪರ ತೀರ್ಪು ಕೊಟ್ಟು ಸುಮಾರು 55 ಲಕ್ಷ ಡಾಲರ್ ಕೊಡಿಸ್ತು. ಆದರೆ ಎಲ್ಲರೂ ಹಿಡ್ಕೊಂಡಿದ್ದು ದುಡ್ಡನ್ನಲ್ಲ, ತೀರ್ಪಿನ ಒಂದು ಪ್ಯಾರಾನ. ಸರ್ಕಾರ ಯಾವತ್ತೂ ಒಂದೇ ರೀತಿ ನಡ್ಕೋಬೇಕು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬಾರದು, ಎಲ್ಲಾ ಪೂರ್ತಿ ಪಾರದರ್ಶಕವಾಗಿರಬೇಕು, ಯಾವ್ಯಾವ ರೂಲು ತನಗೆ ಅನ್ವಯಿಸುತ್ತೆ ಅಂತ ಹೂಡಿಕೆದಾರನಿಗೆ ಮೊದಲೇ ಗೊತ್ತಿರಬೇಕು ಅನ್ನೋ ಅರ್ಥದ ಪ್ಯಾರಾ ಅದು. ಭೂಮಿ ಮೇಲೆ ಯಾವ ಸರ್ಕಾರ ಹಂಗಿದೆ ಹೇಳಿ? ಆದರೂ ಆಮೇಲಿನ ಎಷ್ಟೋ ತೀರ್ಪುಗಳು ಅದನ್ನೇ ಕೋಟ್ ಮಾಡ್ಕೊಂಡು ಹೋದ್ವು.

ಬ್ರೇಕ್ ಹಾಕಿದ್ದು 2006ರ ಸಲೂಕಾ ತೀರ್ಪು. ಜೆಕ್ ದೇಶದ ಐಪಿಬಿ ಅನ್ನೋ ಬ್ಯಾಂಕಲ್ಲಿ ಜಪಾನಿನ ನೊಮುರಾ ಗುಂಪಿನ ದುಡ್ಡಿತ್ತು, ಸಲೂಕಾ ಆ ಗುಂಪಿನದೇ ಒಂದು ಕಂಪನಿ, ದೊಡ್ಡ ಬ್ಯಾಂಕುಗಳೆಲ್ಲ ಕೆಟ್ಟ ಸಾಲದಿಂದ ಮುಳುಗೋ ಸ್ಥಿತಿಯಲ್ಲಿದ್ದಾಗ ಸರ್ಕಾರ ಬೇರೆ ದೊಡ್ಡ ಬ್ಯಾಂಕುಗಳಿಗೆ ಕೈಹಿಡಿದು ಇದನ್ನ ಮಾತ್ರ ಬಿಟ್ಟಿತ್ತು. ಈ ಟ್ರಿಬ್ಯುನಲ್ ಹೇಳಿದ್ದು, ಟೆಕ್ಮೆಡ್ ಮಾತುಗಳನ್ನ ಅಕ್ಷರಕ್ಕೆ ಅಕ್ಷರ ತಗೊಂಡ್ರೆ ಯಾವ ದೇಶಕ್ಕೂ ಆಗದ ಹೊರೆ ಹೊರಿಸಿದ ಹಾಗಾಗುತ್ತೆ, ಹೂಡಿಕೆ ಮಾಡಿದ ದಿನ ಇದ್ದ ಪರಿಸ್ಥಿತಿ ಮುಂದೆ ಒಂದು ಚೂರೂ ಬದಲಾಗಲ್ಲ ಅಂತ ಯಾರೂ ನಿರೀಕ್ಷೆ ಮಾಡೋಕಾಗಲ್ಲ, ಸಾರ್ವಜನಿಕ ಹಿತಕ್ಕೆ ಕಾನೂನು ಮಾಡೋ ಸರ್ಕಾರದ ಹಕ್ಕನ್ನೂ ಇನ್ನೊಂದು ಕಡೆ ಇಟ್ಟು ತೂಗಬೇಕು ಅಂತ. ಹಾಗೆ ತೂಗಿ ನೋಡಿನೂ ಕೊನೆಗೆ ಜೆಕ್ ಸರ್ಕಾರವೇ ಸೋತಿತು, ಯಾಕಂದ್ರೆ ಒಂದೇ ಸಮಸ್ಯೆ ಇದ್ದ ಬ್ಯಾಂಕುಗಳ ನಡುವೆ ಕಾರಣ ಇಲ್ಲದೆ ಭೇದ ಮಾಡಿದ್ದು ಸಾಬೀತಾಗಿತ್ತು. ಮರುವರ್ಷ ಲಿಥುವೇನಿಯಾ ಮೇಲಿನ ಪಾರ್ಕಿಂಗ್ ಕೇಸಲ್ಲಿ ಇನ್ನೂ ಖಡಕ್ಕಾಗಿ ಹೇಳಿದ್ರು. ವಿಲ್ನಿಯಸ್ ನಗರದಲ್ಲಿ ಪಾರ್ಕಿಂಗ್ ವ್ಯವಸ್ಥೆ ಮಾಡೋಕೆ ಬಂದಿದ್ದ ನಾರ್ವೆ ಕಂಪನಿಗೆ, ಸೋವಿಯತ್ ವ್ಯವಸ್ಥೆಯಿಂದ ಹೊರಬಂದು ಯುರೋಪಿಯನ್ ಒಕ್ಕೂಟ ಸೇರೋಕೆ ಓಡ್ತಿರೋ ದೇಶದಲ್ಲಿ ಕಾನೂನು ಬದಲಾಗುತ್ತೆ ಅಂತ ನಿಮಗೆ ಗೊತ್ತಿರಬೇಕಿತ್ತು, ಬೇಕಿದ್ರೆ ಕರಾರಲ್ಲೇ ಸ್ಥಿರತೆಯ ಷರತ್ತು ಹಾಕಿಸ್ಕೋಬೇಕಿತ್ತು ಅಂತ ಹೇಳಿ ಬರಿಗೈಲಿ ಕಳಿಸಿದ್ರು.

ಹೀಗೆ ಬಂದ ತೀರ್ಪುಗಳನ್ನೆಲ್ಲ ಓದ್ತಾ ಹೋದ್ರೆ ಟ್ರಿಬ್ಯುನಲ್‌ಗಳು ನಿಜವಾಗ್ಲೂ ನೋಡೋದು ಏನು ಅಂತ ಗೊತ್ತಾಗುತ್ತೆ. ಕಂಪನಿ ಮನಸ್ಸಲ್ಲಿ ಏನು ಆಸೆ ಇತ್ತು ಅನ್ನೋದಕ್ಕೆ ಬೆಲೆ ಇಲ್ಲ. ಸರ್ಕಾರದ ಕಡೆಯಿಂದ ಯಾರು ಮಾತಾಡಿದ್ರು, ಅವರಿಗೆ ಆ ಅಧಿಕಾರ ಇತ್ತಾ, ಈ ಕಂಪನಿಗೇ ಅಂತ ಹೇಳಿದ್ದಾ ಇಲ್ಲಾ ಊರಿಗೆಲ್ಲಾ ಅನ್ವಯಿಸೋ ಕಾನೂನಾ, ದುಡ್ಡು ಹಾಕೋ ಮುಂಚೆ ಹೇಳಿದ್ದಾ ಆಮೇಲೆ ಹೇಳಿದ್ದಾ, ಕಂಪನಿ ಅದನ್ನ ನಂಬಿಯೇ ದುಡ್ಡು ಹಾಕ್ತಾ, ತಾನೂ ಒಂದಿಷ್ಟು ವಿಚಾರಿಸ್ತಾ, ಇವನ್ನೆಲ್ಲ ಕೆದಕ್ತಾರೆ. ಇದರ ಜೊತೆಗೆ ಕಂಪನಿ ತಾನು ನಿಜ ಹೇಳಿತ್ತಾ ಅನ್ನೋದೂ ಬರುತ್ತೆ, ಅದಕ್ಕೆ ಥಂಡರ್‌ಬರ್ಡ್ ಕೇಸು ನೋಡಿ. ಕೆನಡಾದ ಈ ಗೇಮಿಂಗ್ ಕಂಪನಿ 2000ನೇ ಇಸವಿಯಲ್ಲಿ ಮೆಕ್ಸಿಕೋ ಸರ್ಕಾರಕ್ಕೆ ಒಂದು ಪತ್ರ ಬರೀತು, ನಮ್ಮ ಮಷಿನುಗಳು ಕೌಶಲ್ಯದ ಆಟದವು, ಅದೃಷ್ಟದ ಪ್ರಶ್ನೆ ಇಲ್ಲ, ಇವನ್ನ ಇಡಬಹುದಾ ಅಂತ. ಅಧಿಕಾರಿಗಳು, ನೀವು ಹೇಳಿದ ಹಾಗೇ ಇದ್ದು, ಅದರಲ್ಲಿ ಬೆಟ್ಟಿಂಗು ಅದೃಷ್ಟ ಇಲ್ಲ ಅಂದ್ರೆ ಅದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಉತ್ತರ ಕೊಟ್ರು. ಆ ಕಾಗದ ಹಿಡ್ಕೊಂಡು ಕಂಪನಿ ಸೆಂಟರ್‌ಗಳನ್ನ ತೆಗೀತು, ಸರ್ಕಾರ ಬಂದು ಇದು ಜೂಜು ಅಂತ ಮುಚ್ಚಿಸ್ತು. 2006ರಲ್ಲಿ ಟ್ರಿಬ್ಯುನಲ್‌ನ ಬಹುಮತ ಹೇಳಿದ್ದು, ಪತ್ರದಲ್ಲಿ ಮಷಿನಿನ ಪೂರ್ತಿ ಚಿತ್ರ ಕೊಟ್ಟಿಲ್ಲ, ಅರ್ಧ ಹೇಳಿ ತಗೊಂಡ ಒಪ್ಪಿಗೆ ಮೇಲೆ ನಿರೀಕ್ಷೆ ಕಟ್ಕೊಳ್ಳೋಕಾಗಲ್ಲ ಅಂತ. ಸದಸ್ಯರಲ್ಲಿ ಒಬ್ಬರಾದ ಥಾಮಸ್ ವಾಲ್ಡೆ ಒಪ್ಪದೆ ಬೇರೆ ಅಭಿಪ್ರಾಯ ಬರೆದ್ರು, ಸರ್ಕಾರದ ಅಸ್ಪಷ್ಟ ಮಾತಿನ ರಿಸ್ಕನ್ನ ಸರ್ಕಾರವೇ ಹೊರಬೇಕು ಅನ್ನೋದು ಅವರ ನಿಲುವು. ನನಗೆ ಬಹುಮತದ ಮಾತೇ ಸರಿ ಅನ್ಸುತ್ತೆ, ಕೇಳೋದನ್ನ ನೆಟ್ಟಗೆ ಕೇಳಿದವನಿಗೆ ಮಾತ್ರ ಉತ್ತರದ ಮೇಲೆ ಹಕ್ಕು.

ಈಗ ಸ್ಪೇನ್. ಈ ತತ್ವ ಎಲ್ಲಿ ಕುಂಟುತ್ತೆ ಅಂತ ನೋಡಬೇಕಾದ್ರೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. 2007ರಲ್ಲಿ ಸ್ಪೇನ್ ಸರ್ಕಾರ 661/2007 ಅನ್ನೋ ನಂಬರಿನ ರಾಜಾಜ್ಞೆ ಹೊರಡಿಸ್ತು, ಸೋಲಾರ್ ಪವನ ವಿದ್ಯುತ್ ಮಾಡೋರಿಗೆ ಮಾರ್ಕೆಟ್ ರೇಟಿಗಿಂತ ತುಂಬಾ ಜಾಸ್ತಿ ದರ, ಅದೂ ಸೋಲಾರ್‌ಗೆ ಇಪ್ಪತ್ತೈದು ವರ್ಷದ ತನಕ, ಆಮೇಲೂ ಒಂದಿಷ್ಟು. ಮುಂದೆ ದರ ಪರಿಷ್ಕರಣೆ ಮಾಡಿದ್ರೂ ಆಗಲೇ ಶುರುವಾದ ಪ್ಲಾಂಟ್‌ಗಳಿಗೆ ತಟ್ಟಲ್ಲ ಅನ್ನೋ ಅರ್ಥದ ಷರತ್ತೂ ಅದರಲ್ಲಿತ್ತು. "ಸೂರ್ಯ ನಿಮ್ಮವನಾಗಬಹುದು" ಅಂತ ಸರ್ಕಾರಿ ಸಂಸ್ಥೆಯೇ ಜಾಹೀರಾತು ಕೊಟ್ಟಿತ್ತು. ಜನ ಮುಗಿಬಿದ್ರು. 2010ಕ್ಕೆ 371 ಮೆಗಾವ್ಯಾಟ್ ಸೋಲಾರ್ ಪ್ಯಾನಲ್ ಆದ್ರೆ ಸಾಕು ಅಂತ ಗುರಿ ಇಟ್ಟಿದ್ರೆ 2008ರ ಕೊನೆಗೇ 3,000 ಮೆಗಾವ್ಯಾಟ್ ದಾಟಿ ಹೋಯ್ತು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಗ್ರಾಹಕರಿಂದ ಬರೋ ಬಿಲ್ಲಿಗೂ ವಿದ್ಯುತ್ ವ್ಯವಸ್ಥೆಯ ಖರ್ಚಿಗೂ ಇರೋ ಅಂತರ ಬೆಳೀತಾ ಬೆಳೀತಾ 25 ಬಿಲಿಯನ್ ಯೂರೋ ದಾಟ್ತು. ಸರ್ಕಾರ 2010ರಿಂದ ಒಂದೊಂದಾಗಿ ಕತ್ತರಿಸ್ತಾ ಬಂದು 2013ರಲ್ಲಿ ಹಳೇ ದರ ಪದ್ಧತಿನೇ ಪೂರ್ತಿ ಕಿತ್ತು ಹಾಕಿ "ಸಮಂಜಸವಾದ ಲಾಭ" ಅಂತ ಹೊಸ ಲೆಕ್ಕ ತಂತು. ಹೊರಗಿನ ಕಂಪನಿಗಳು ಎನರ್ಜಿ ಚಾರ್ಟರ್ ಅನ್ನೋ, ಇಂಧನ ಹೂಡಿಕೆಗೆ ಅಂತ ಹಲವು ದೇಶ ಸೇರಿ ಮಾಡ್ಕೊಂಡ ಒಪ್ಪಂದದ ಕೆಳಗೆ ಸಾಲು ಸಾಲಾಗಿ ಕೇಸು ಹಾಕಿದ್ವು, ಸುಮಾರು ಐವತ್ತು.

ಮೊದಲ ತೀರ್ಪು 2016ರ ಶರಾನ್ ಕೇಸು, ಅದು 2010ರ ಸಣ್ಣ ಕಡಿತಗಳ ಬಗ್ಗೆ ಮಾತ್ರ. ಅಲ್ಲಿ ಸ್ಪೇನ್ ಗೆದ್ದಿತು, ಜಾಹೀರಾತು ಬ್ರೋಷರ್ ಎಲ್ಲಾ ನಿರ್ದಿಷ್ಟವಾದ ಮಾತು ಅಲ್ಲ, ಎಲ್ಲರಿಗೂ ಮಾಡಿದ ಕಾನೂನು ಯಾರೋ ಒಬ್ಬರಿಗೆ ಕೊಟ್ಟ ವಚನ ಆಗಲ್ಲ, ಅದೂ ಅಲ್ಲದೆ ಇಂಥ ದರ ಬದಲಾಯಿಸಬಹುದು ಅಂತ ಸ್ಪೇನಿನ ಸುಪ್ರೀಂ ಕೋರ್ಟೇ ಮೊದಲೇ ಹೇಳಿತ್ತಲ್ಲ, ಓದ್ಕೋಬೇಕಿತ್ತು ಅಂತ. 2017ರಲ್ಲಿ ಐಸರ್ ಕೇಸಲ್ಲಿ ಉಲ್ಟಾ, 2013ರ ಬದಲಾವಣೆ ವ್ಯವಸ್ಥೆಯ ಬೇರನ್ನೇ ಕಿತ್ತಿದೆ ಅಂತ 128 ಮಿಲಿಯನ್ ಯೂರೋ ಪರಿಹಾರ. ಅದೂ ನಿಲ್ಲಲಿಲ್ಲ, ಒಬ್ಬ ಆರ್ಬಿಟ್ರೇಟರ್‌ಗೂ ಕಂಪನಿ ಕಡೆಯ ಎಕ್ಸ್‌ಪರ್ಟ್‌ಗೂ ಇದ್ದ ನಂಟನ್ನ ಬಹಿರಂಗ ಮಾಡಿರಲಿಲ್ಲ ಅಂತ 2020ರಲ್ಲಿ ಇಡೀ ತೀರ್ಪೇ ರದ್ದಾಯ್ತು.

ನನಗೆ ಎಲ್ಲಕ್ಕಿಂತ ಬೇಸರ ಆಗೋದು ಆಂದಾಸೋಲ್ ಪ್ಲಾಂಟ್‌ಗಳ ವಿಷಯದಲ್ಲಿ. ಗ್ರನಾಡಾ ಪ್ರಾಂತ್ಯದಲ್ಲಿ, ಸಿಯೆರಾ ನೆವಾಡಾ ಬೆಟ್ಟಗಳ ಬುಡದಲ್ಲಿ ಕನ್ನಡಿಗಳ ಸಾಲು ಇಟ್ಟು ಬಿಸಿಲಿನ ಶಾಖದಿಂದ ವಿದ್ಯುತ್ ಮಾಡೋ ಮೂರು ಪ್ಲಾಂಟ್‌ಗಳು ಅಕ್ಕಪಕ್ಕದಲ್ಲೇ ಇವೆ, ಆಂದಾಸೋಲ್ ಒಂದು, ಎರಡು, ಮೂರು. ಒಂದೇ ಬಿಸಿಲು, ಒಂದೇ ತಂತ್ರಜ್ಞಾನ, ಒಂದೇ ರಾಜಾಜ್ಞೆ, 2013ರಲ್ಲಿ ಬಿದ್ದಿದ್ದೂ ಒಂದೇ ಪೆಟ್ಟು. ಮೊದಲೆರಡರಲ್ಲಿ ದುಡ್ಡು ಹಾಕಿದ್ದ ಆಂಟಿನ್ ಕಂಪನಿ 2018ರಲ್ಲಿ ಗೆದ್ದು 112 ಮಿಲಿಯನ್ ಯೂರೋ ತೀರ್ಪು ಪಡ್ಕೊಳ್ತು, ಆಮೇಲೆ ಲೆಕ್ಕ ಸರಿಮಾಡಿ ಅದನ್ನ 101 ಮಿಲಿಯನ್‌ಗೆ ಇಳಿಸಿದ್ರು. ಮೂರನೇದರಲ್ಲಿ ದುಡ್ಡು ಹಾಕಿದ್ದ ಮ್ಯೂನಿಕ್ ನಗರದ ಸ್ಟಾಟ್‌ವೆರ್ಕೆ ಸಂಸ್ಥೆ 2019ರಲ್ಲಿ ಪೂರ್ತಿ ಸೋತಿತು, ನೀವು ಸರಿಯಾಗಿ ವಿಚಾರಿಸಿದ್ರೆ ಈ ದರ ಶಾಶ್ವತ ಅಲ್ಲ ಅಂತ ಗೊತ್ತಾಗೋದು ಅಂದ್ರು. ವಿಚಾರಣೆ ಮಾಡಿದ ಮೂರು ಜನ ಬೇರೆ, ಉತ್ತರ ಬೇರೆ. ಮಾತು ಕೊಡೋ ಸರ್ಕಾರ ಅಡ್ಡಗೋಡೆ ಮೇಲೆ ದೀಪ ಇಡಬಾರದು ಅಂತ ಹೇಳೋ ವ್ಯವಸ್ಥೆಯ ತೀರ್ಪುಗಳೇ ಹೀಗಿದ್ರೆ ಅದನ್ನ ನಂಬಿ ಯಾವ ಸರ್ಕಾರ ಕಾನೂನು ಬರೀಬೇಕು, ಯಾವ ಕಂಪನಿ ದುಡ್ಡು ಹಾಕಬೇಕು? ನನ್ನ ಪ್ರಕಾರ ಶರಾನ್ ಹೇಳಿದ್ದೇ ಹೆಚ್ಚು ಗಟ್ಟಿ. ಎದುರಿಗೆ ಕೂರಿಸಿಕೊಂಡು ಹೆಸರು ಹಿಡಿದು ಕೊಟ್ಟ ಮಾತಿಗೆ ಸರ್ಕಾರ ಬದ್ಧ ಆಗಿರಬೇಕು, ಪಿರ್ಕೆ ಥರ. ಊರಿಗೆಲ್ಲಾ ಮಾಡಿದ ಕಾನೂನನ್ನ ಬದಲಾಯಿಸೋಕೆ ಮುಂದಿನ ಸರ್ಕಾರಕ್ಕೆ ಹಕ್ಕಿರಬೇಕು, ಇಲ್ಲಾಂದ್ರೆ ಇವತ್ತು ಗೆದ್ದವರು ಇಪ್ಪತ್ತೈದು ವರ್ಷದ ಮತದಾರರ ಕೈ ಕಟ್ಟಿ ಹೋದ ಹಾಗೆ. ಉರುಗ್ವೆ ಸಿಗರೇಟ್ ಪ್ಯಾಕಿನ ಶೇ. 80 ಭಾಗ ಎಚ್ಚರಿಕೆ ಚಿತ್ರ ಹಾಕಿಸಿದಾಗ ಫಿಲಿಪ್ ಮಾರಿಸ್ ಕೇಸು ಹಾಕ್ತು, 2016ರಲ್ಲಿ ಸೋತು ಉರುಗ್ವೆಯ ಖರ್ಚಿಗೆ 70 ಲಕ್ಷ ಡಾಲರ್ ಕಟ್ಟಬೇಕಾಯ್ತು, ಜನರ ಆರೋಗ್ಯದ ಕಾನೂನು ಬಿಗಿ ಆಗ್ತಾ ಹೋಗುತ್ತೆ ಅಂತ ಸಿಗರೇಟ್ ಕಂಪನಿಗೆ ಗೊತ್ತಿರಲೇಬೇಕು ಅಂತ.

ಅಂತಾರಾಷ್ಟ್ರೀಯ ನ್ಯಾಯಾಲಯವೂ 2018ರ ಅಕ್ಟೋಬರ್ 1ರಂದು ಬೊಲಿವಿಯಾ–ಚಿಲಿ ಸಮುದ್ರದ ದಾರಿ ಕೇಸಲ್ಲಿ ಒಂದು ಗೆರೆ ಎಳೀತು. ಹೂಡಿಕೆ ತೀರ್ಪುಗಳಲ್ಲಿ ನ್ಯಾಯಯುತ ನಿರೀಕ್ಷೆ ಬರೋದು ಆ ಒಪ್ಪಂದಗಳಲ್ಲಿರೋ ಎಫ್‌ಇಟಿ ಸಾಲಿನಿಂದ, ಅದರಿಂದ ದೇಶ ದೇಶಗಳ ನಡುವಿನ ಸಾಮಾನ್ಯ ಅಂತಾರಾಷ್ಟ್ರೀಯ ಕಾನೂನಲ್ಲೇ ಇಂಥ ತತ್ವ ಇದೆ ಅಂತ ಆಗಲ್ಲ ಅಂತ. ಅಂದ್ರೆ ಎಲ್ಲಾ ನಿಂತಿರೋದು ಒಪ್ಪಂದದ ಆ ಒಂದು ಸಾಲಿನ ಮೇಲೆ.

ನಮ್ಮ ದೇಶಕ್ಕೆ ಬರೋಣ. ಭಾರತ ಮೊದಲ ಸಲ ಇಂಥ ಕೇಸಲ್ಲಿ ಸೋತ ತೀರ್ಪು ಅಂತ ಎಲ್ಲರಿಗೂ ಗೊತ್ತಿರೋದು 2011ರ ವೈಟ್ ಇಂಡಸ್ಟ್ರೀಸ್. ಆಸ್ಟ್ರೇಲಿಯಾದ ಈ ಕಂಪನಿ ಕೋಲ್ ಇಂಡಿಯಾ ಜೊತೆ ಪಿಪರ್ವಾರ್ ಗಣಿ ವಿಷಯಕ್ಕೆ 1989ರಲ್ಲಿ ಕರಾರು ಮಾಡ್ಕೊಂಡಿತ್ತು, ಜಗಳ ಆಗಿ 2002ರಲ್ಲಿ ಮಧ್ಯಸ್ಥಿಕೆಯಲ್ಲಿ ಗೆದ್ದಿತು, ಆದರೆ ಆ ದುಡ್ಡು ವಸೂಲಿ ಮಾಡೋಕೆ ನಮ್ಮ ಕೋರ್ಟುಗಳಲ್ಲಿ ವರ್ಷಗಟ್ಟಲೆ ಅಲೆದು ಸುಸ್ತಾಯ್ತು. ಆಗ ಒಪ್ಪಂದದ ಕೆಳಗೆ ಬಂದು, ಭಾರತ ಬೇಗ ವಸೂಲಿ ಮಾಡಿಸಿಕೊಡುತ್ತೆ ಅಂತ ನಮಗೆ ನ್ಯಾಯಯುತ ನಿರೀಕ್ಷೆ ಇತ್ತು ಅಂತು. ಟ್ರಿಬ್ಯುನಲ್ ಅದನ್ನ ಒಪ್ಪಲಿಲ್ಲ, ಭಾರತದ ಕೋರ್ಟುಗಳ ಮೇಲೆ ಎಷ್ಟು ಹೊರೆ ಇದೆ ಅಂತ ಕರಾರು ಮಾಡೋವಾಗಲೇ ನಿಮಗೆ ಗೊತ್ತಿರಬೇಕಿತ್ತು ಅಂತು. ಓದಿದ್ರೆ ಹೊಟ್ಟೆ ಉರಿಯುತ್ತೆ, ನಮ್ಮ ಕೋರ್ಟು ನಿಧಾನ ಅನ್ನೋದೇ ನಮ್ಮ ಡಿಫೆನ್ಸ್ ಆಯ್ತಲ್ಲ ಅಂತ. ಆದರೂ ಭಾರತ ಸೋತಿದ್ದು ಬೇರೆ ದಾರಿಯಿಂದ, ಕುವೈತ್ ಜೊತೆಗಿನ ಒಪ್ಪಂದದಲ್ಲಿದ್ದ "ಹಕ್ಕು ಪಡೆಯೋಕೆ ಪರಿಣಾಮಕಾರಿ ದಾರಿ ಕೊಡ್ತೀವಿ" ಅನ್ನೋ ಷರತ್ತನ್ನ ಆಸ್ಟ್ರೇಲಿಯಾ ಕಂಪನಿ ಎಂಎಫ್‌ಎನ್, ಅಂದ್ರೆ ಬೇರೆ ದೇಶದವರಿಗೆ ಕೊಟ್ಟ ಸವಲತ್ತನ್ನ ನಮಗೂ ಕೊಡಿ ಅನ್ನೋ ಷರತ್ತಿನ ಮೂಲಕ ಎರವಲು ತಗೊಂಡು ಗೆದ್ದಿತು.

ಆಮೇಲೆ 2012ರಲ್ಲಿ ಬಂದಿದ್ದು ಹಿಂದಿನ ವ್ಯವಹಾರಗಳಿಗೂ ಅನ್ವಯ ಆಗೋ ತೆರಿಗೆ ತಿದ್ದುಪಡಿ. ಸುಪ್ರೀಂ ಕೋರ್ಟು ವೊಡಾಫೋನ್ ತೆರಿಗೆ ಕಟ್ಟಬೇಕಿಲ್ಲ ಅಂದ ಕೆಲವೇ ತಿಂಗಳಿಗೆ ಕಾನೂನನ್ನೇ ಹಿಂದಕ್ಕೆ ತಿದ್ದಿದ್ರು, 2020ರಲ್ಲಿ ವೊಡಾಫೋನ್, ಬ್ರಿಟನ್ನಿನ ತೈಲ ಕಂಪನಿ ಕೇರ್ನ್ ಎರಡೂ ಕೇಸಲ್ಲಿ ಭಾರತ ಸೋತಿತು, ಕೇರ್ನ್‌ಗೆ 1.2 ಬಿಲಿಯನ್ ಡಾಲರ್ ಅಂತ ತೀರ್ಪು. 2021ರಲ್ಲಿ ಸರ್ಕಾರ ಆ ತಿದ್ದುಪಡಿನ ವಾಪಸ್ ತಗೊಂಡು, ಆಮೇಲೆ ದುಡ್ಡು ಹಿಂದಿರುಗಿಸ್ತು. ಮುಂದಕ್ಕೆ ಕಾನೂನು ಬದಲಾಯಿಸೋದು ಬೇರೆ, ಮುಗಿದು ಹೋದ ವ್ಯವಹಾರಕ್ಕೆ ಹೊಸ ರೂಲು ಹಾಕೋದು ಬೇರೆ, ಇದರಲ್ಲಿ ನನಗೆ ಭಾರತದ ಪರ ನಿಲ್ಲೋಕೆ ಆಗಲ್ಲ.

ನಮ್ಮ ಬೆಂಗಳೂರಿನ ಕೇಸೂ ಒಂದಿದೆ, ದೇವಾಸ್. ಇಸ್ರೋದ ವಾಣಿಜ್ಯ ವಿಭಾಗ ಆಂಟ್ರಿಕ್ಸ್ 2005ರಲ್ಲಿ ದೇವಾಸ್ ಮಲ್ಟಿಮೀಡಿಯಾಗೆ ಎಸ್-ಬ್ಯಾಂಡ್ ತರಂಗ ಕೊಡೋ ಕರಾರು ಮಾಡ್ಕೊಂಡಿತು, 2011ರಲ್ಲಿ ರಕ್ಷಣೆ ಮತ್ತಿತರ ಅಗತ್ಯ ಅಂತ ಕೇಂದ್ರ ಸರ್ಕಾರ ಅದನ್ನ ರದ್ದು ಮಾಡಿಸ್ತು. ಮಾರಿಷಸ್ ಮೂಲಕ ದುಡ್ಡು ಹಾಕಿದ್ದವರು ಒಂದು ಕಡೆ, ಜರ್ಮನಿಯ ಡಾಯ್ಚೆ ಟೆಲಿಕಾಂ ಇನ್ನೊಂದು ಕಡೆ, ಎರಡು ಒಪ್ಪಂದಗಳ ಕೆಳಗೆ ಹೋಗಿ ಎರಡರಲ್ಲೂ ಭಾರತ ಸೋತಿತು, ಮಾರಿಷಸ್ ಕೇಸಲ್ಲಿ ಮಾತ್ರ ಶೇ. 60ರಷ್ಟು ತರಂಗ ದೇಶದ ಭದ್ರತೆಗೆ ಅಂತ ಬಹುಮತ ಒಪ್ಪಿತ್ತು. 2022ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ದೇವಾಸ್ ಕಟ್ಟಿದ್ದೇ ವಂಚನೆ ಮೇಲೆ ಅಂತ ಹೇಳಿ ಕಂಪನಿ ಮುಚ್ಚೋ ಆದೇಶ ಎತ್ತಿಹಿಡಿಯಿತು. ವಂಚನೆಯಿಂದ ಬಂದ ಹೂಡಿಕೆಗೆ ನ್ಯಾಯಯುತ ನಿರೀಕ್ಷೆ ಇಲ್ಲ ಅನ್ನೋದನ್ನ ಟ್ರಿಬ್ಯುನಲ್‌ಗಳೂ ಸಾಮಾನ್ಯವಾಗಿ ಒಪ್ತವೆ, ಆದರೆ ಈ ತೀರ್ಮಾನ ಬರೋ ಹೊತ್ತಿಗೆ ಹೊಣೆಗಾರಿಕೆಯ ತೀರ್ಪುಗಳು ಆಗಲೇ ಬಂದು ವರ್ಷಗಳಾಗಿತ್ತು, ಹಂಗಾಗಿ ಹೊರದೇಶದ ಕೋರ್ಟುಗಳಲ್ಲಿ ವಸೂಲಿ ಜಗಳ ನಡೀತಾನೇ ಬಂತು.

ಇಷ್ಟೆಲ್ಲಾ ಪೆಟ್ಟು ತಿನ್ನುತ್ತಿದ್ದ ಹೊತ್ತಲ್ಲೇ ಭಾರತ ಹೊಸ ಮಾದರಿ ಒಪ್ಪಂದ ಬರೆದು ಎಫ್‌ಇಟಿ ಸಾಲನ್ನೇ ತೆಗೆದುಹಾಕ್ತು, ಎಂಎಫ್‌ಎನ್ನೂ ತೆಗೀತು. ಅದರ ಬದಲು ನ್ಯಾಯ ನಿರಾಕರಣೆ, ವಿಚಾರಣಾ ಕ್ರಮದ ಗಂಭೀರ ಉಲ್ಲಂಘನೆ, ಗುರಿ ಇಟ್ಟು ಮಾಡೋ ಭೇದ, ಬೆದರಿಕೆ ಕಿರುಕುಳ ಇಂಥ ನಾಲ್ಕು ವಿಷಯ ಹೆಸರಿಟ್ಟು ಬರೆದ್ರು, ನಿರೀಕ್ಷೆ ಅನ್ನೋದಕ್ಕೆ ಜಾಗವೇ ಇಲ್ಲ. ಯುರೋಪ್ ಮತ್ತು ಕೆನಡಾ 2016ರ ಒಪ್ಪಂದದಲ್ಲಿ ಮಧ್ಯದ ದಾರಿ ಹಿಡಿದ್ರು, ಹೂಡಿಕೆ ಬರ್ಲಿ ಅಂತ ಸರ್ಕಾರ ನಿರ್ದಿಷ್ಟ ಮಾತು ಕೊಟ್ಟು, ಕಂಪನಿ ಅದನ್ನ ನಂಬಿ, ಆಮೇಲೆ ಸರ್ಕಾರ ಮಾತು ತಪ್ಪಿದ್ರೆ ಟ್ರಿಬ್ಯುನಲ್ ಅದನ್ನ ಗಮನಕ್ಕೆ ತಗೋಬಹುದು ಅಂತ. ನನಗೆ ಕೆನಡಾ ದಾರಿ ಇಷ್ಟ, ಸರ್ಕಾರ ನೇರವಾಗಿ ಕೊಟ್ಟ ಮಾತಿಗೂ ಬೆಲೆ ಇಲ್ಲ ಅಂದ್ರೆ ಅದು ಸರಿ ಅಲ್ಲ, ಪಿರ್ಕೆಯಲ್ಲಿ ಆಗಿದ್ದು ನಾಳೆ ಹೊರಗೆ ದುಡ್ಡು ಹಾಕೋ ನಮ್ಮ ಕಂಪನಿಗಳಿಗೂ ಆಗಬಹುದು. ಅಬುಧಾಬಿ, ದುಬೈ ಕಡೆಯ ದುಡ್ಡಿಗೆ ಅಂತ 2024ರಲ್ಲಿ ಯುಎಇ ಜೊತೆ ಮಾಡ್ಕೊಂಡ ಒಪ್ಪಂದದಲ್ಲೂ ಎಫ್‌ಇಟಿ ಇಲ್ಲ. ಹಾಗಂತ ಭಾರತದ ಮಟ್ಟಿಗೆ ಇದು ಮುಗಿದ ಕಥೆ ಅಂದ್ಕೋಬೇಡಿ. 2016ರಿಂದ ಈಚೆಗೆ ನಾವು ರದ್ದು ಮಾಡಿದ ಹಳೇ ಒಪ್ಪಂದಗಳಲ್ಲಿ ಸನ್‌ಸೆಟ್ ಷರತ್ತು ಅಂತ ಇರುತ್ತೆ, ರದ್ದಾಗೋ ಮುಂಚೆ ಬಂದ ಹೂಡಿಕೆಗೆ ಆಮೇಲೂ 10, 15 ವರ್ಷ ಅದೇ ರಕ್ಷಣೆ ಮುಂದುವರಿಯುತ್ತೆ, ಆ ಹೂಡಿಕೆಗಳ ಮಟ್ಟಿಗೆ ಎಫ್‌ಇಟಿ ಸಾಲು ಇನ್ನೂ ಜೀವಂತ, ಅದನ್ನ ಹಿಡ್ಕೊಂಡು ನಾಳೆ ಯಾರು ಬೇಕಾದ್ರೂ ಕೇಸು ಹಾಕಬಹುದು.